ಎಂಬತ್ತೈದು ಇಂಚಿನ ಹೊಟ್ಟೆಯುರಿ

ಅಳತೆ ಸಾಹೇಬರ ಮನೆಗೆ ಹೊಸ ಟಿ.ವಿ. ಬಂದ ದಿನ ಅದರಲ್ಲಿ ಆಟಗಾರನೊಬ್ಬ ಒದ್ದ ಚೆಂಡು ಪರದೆಯಿಂದ ಹಾರಿ, ನಡುಮನೆ ದಾಟಿ, ಕಿಟಕಿಯಿಂದ ಆಚೆ ಬಂದು, ಎದುರುಮನೆ ಟೈಲರಮ್ಮನ ನೀರಿನ ಡ್ರಮ್ಮಿಗೆ ಬಡಿಯಿತು. ಡ್ರಮ್ಮಿನ ತಗ್ಗು ಇವತ್ತಿಗೂ ಇದೆ. ಚೆಂಡನ್ನು ಟೈಲರಮ್ಮ ವಾಪಸು ಕೊಡಲಿಲ್ಲ. ಹಾಗಾಗಿ ಆ ಮ್ಯಾಚು ಅರ್ಧಕ್ಕೇ ನಿಂತುಹೋಯಿತು. ನಂಬದವರು ಹೋಗಿ ಡ್ರಮ್ಮು ನೋಡಿಕೊಂಡು ಬರಬಹುದು.

ಟಿ.ವಿ. ಅಷ್ಟು ದೊಡ್ಡದು. ಎಂಬತ್ತೈದು ಇಂಚು ಎಂದು ಸಾಹೇಬರು ಹೇಳುತ್ತಿದ್ದುದು ಬರೀ ವಿನಯಕ್ಕೆ.

ಈ ಅಳತೆ ಸಾಹೇಬರು ಯಾರೆಂದರೆ, ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವವರು. ಎತ್ತರದ ಆಳು, ಒಳ್ಳೆ ಬಣ್ಣ, ತಲೆ ತುಂಬ ಕೂದಲು, ನಡೆದರೆ ಬೀದಿಯೇ ಒಂದು ಕ್ಷಣ ನಿಂತು ನೋಡಬೇಕು, ಅಂಥ ನಡಿಗೆ. ಅವರ ವಿಷಯ ಇನ್ನೂ ನಾಲ್ಕು ಪುಟ ಬರೆಯಬಹುದು. ಆದರೆ ಈ ಕಥೆ ಅವರದಲ್ಲ, ಅವರ ಷಡ್ಡಕನದು.

ಷಡ್ಡಕ ಎಂದರೆ ಸಾಹೇಬರ ಹೆಂಡತಿಯ ಅಕ್ಕನ ಗಂಡ. ಅಂಚೆ ಹಂಚುವ ಕೆಲಸ. ಎಲ್ಲರ ಬಾಯಲ್ಲೂ ಅಂಚೆಯಣ್ಣ. ಕುಳ್ಳಗೆ, ಬಿಸಿಲಿಗೆ ಸುಟ್ಟ ಮುಖ, ಬಲಗಾಲಿನ ಪ್ಯಾಂಟಿಗೆ ಸದಾ ಒಂದು ಕ್ಲಿಪ್ಪು, ಸೈಕಲ್ ಚೈನಿಗೆ ಸಿಕ್ಕಿಕೊಳ್ಳಬಾರದೆಂದು. ಇಂಥವನನ್ನು ಕಂಡು ಹೊಟ್ಟೆಕಿಚ್ಚು ಪಡುವವರು ಯಾರೂ ಇರಲಿಲ್ಲ. ಅವನೇ ಬೇರೆಯವರನ್ನು ಕಂಡು ಪಡಬೇಕು. ಪಟ್ಟ ಕೂಡ. ಹೇಗೆ ಪಟ್ಟ ಎಂಬುದೇ ಮುಂದಿನ ಸಂಗತಿ.

ಇಬ್ಬರಿಗೂ ಒಬ್ಬರೇ ಮಾವ. ನಲವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡಿದವರು. ಅವರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಪ್ರತಿ ಮ್ಯಾಚಿಗೂ ಅವರು ಹೋಗಿ ಕೂರುತ್ತಿದ್ದುದು ಅಂಚೆಯಣ್ಣನ ಮನೆಯ ಬೆತ್ತದ ಕುರ್ಚಿಯಲ್ಲಿ. ಹೊಟ್ಟೆ ದಪ್ಪಗಿದ್ದ ಹಳೇ ಟಿ.ವಿ., ಚಿತ್ರ ನಡುಗಿದರೆ ಮೇಲೊಂದು ಏಟು, ಪಕ್ಕದಲ್ಲಿ ದೊಡ್ಡ ಅಳಿಯ. ಚಿಕ್ಕ ಅಳಿಯನ ಮನೆಗೆ ಮಾವ ಬರುತ್ತಿದ್ದುದು ವರ್ಷಕ್ಕೊಮ್ಮೆ, ಗೋಡೆ ಗಡಿಯಾರಕ್ಕೆ ಎಣ್ಣೆ ಬಿಡಲು ಮಾತ್ರ.

ಆ ವರ್ಷ ಮಾವನ ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚುವುದು ಭಾನುವಾರ ಮಧ್ಯಾಹ್ನ. ಅದೇ ಭಾನುವಾರ ಸಂಜೆ ನಾಲ್ಕಕ್ಕೆ ಫೈನಲ್. ಆಸ್ಪತ್ರೆಯ ಹಾಸಿಗೆಯಲ್ಲೇ ಮಾವ ಒಂದು ಮಾತು ಹೇಳಿಬಿಟ್ಟರು:

"ಫೈನಲ್ ಯಾರ ಮನೇಲಿ ಚೆನ್ನಾಗಿರುತ್ತೋ ಈ ಸಲ ಅಲ್ಲಿಗೆ ಬರ್ತೀನಪ್ಪ."

ಈ ಒಂದು ಮಾತಿಗೆ ಸಾಹೇಬರು ಎಂಬತ್ತೈದು ಇಂಚಿನ ಟಿ.ವಿ. ತಂದರು. ಮಾವನನ್ನು ಕರೆತರುವ ದಾರಿ ತಪ್ಪಬಾರದೆಂದು ಕಾರಿನ ಗಾಜಿಗೆ ದಾರಿ ಹೇಳುವ ಯಂತ್ರವನ್ನೂ ಅಂಟಿಸಿದರು. ಟಿ.ವಿ.ಯ ಖಾಲಿ ಡಬ್ಬವನ್ನು ಗೇಟಿನ ಪಕ್ಕ ನಿಲ್ಲಿಸಿದರು. ಜಂಬಕ್ಕಲ್ಲ, ಒಳಗೆ ಜಾಗವಿರಲಿಲ್ಲ.

ಆ ಡಬ್ಬ ಅಲ್ಲಿ ನಲವತ್ತು ದಿನ ನಿಂತಿತ್ತು. ನಲವತ್ತು ದಿನವೂ ಅಂಚೆಯಣ್ಣ ಅಂಚೆ ಚೀಲ ಹೊತ್ತು ಅದೇ ಬೀದಿಯಲ್ಲಿ ಬರಬೇಕು. ಬಂದು ಏನು ಮಾಡುತ್ತಿದ್ದ ಎನ್ನುತ್ತೀರಿ? ಸೈಕಲ್ಲಿನಿಂದ ಇಳಿಯುತ್ತಿದ್ದ. ಆಚೆ ಈಚೆ ನೋಡುತ್ತಿದ್ದ. ಡಬ್ಬವನ್ನು ಎರಡು ಮೂಲೆ ಹಿಡಿದು ಮೆಲ್ಲಗೆ ತಿರುಗಿಸಿ, ಗೋಡೆಗೆ ಒತ್ತಿ ನಿಲ್ಲಿಸಿ, ಒಂದು ಉದ್ದನೆಯ ಉಸಿರು ಬಿಟ್ಟು ಸೈಕಲ್ ಹತ್ತುತ್ತಿದ್ದ. ಪ್ರತಿದಿನ. ಹೊಟ್ಟೆಯುರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಟೈಲರಮ್ಮ ಹೊಲಿಗೆ ಯಂತ್ರದ ಹಿಂದಿನಿಂದ ನೋಡಿ ಬೀದಿಗೆಲ್ಲ ಸಾರಿದಳು:

"ಪಾಪ, ಅಂಚೆಯಣ್ಣ ಡಬ್ಬಾನ ಮಗೂನ ಸವರಿದ ಹಾಗೆ ಸವರಿ ಹೋಗ್ತಾರೆ."

ಮನೆಗೆ ಹೋದರೆ ಅಲ್ಲೂ ನೆಮ್ಮದಿಯಿಲ್ಲ. ಅವನ ಹೆಂಡತಿ ಸಾಹೇಬರ ಕಾರಿನಲ್ಲಿ ಒಮ್ಮೆ ಮಾರುಕಟ್ಟೆಗೆ ಹೋಗಿ ಬಂದಿದ್ದಳು.

"ಒಂದು ಯಂತ್ರ ಇದೆ ಕಣ್ರೀ. ಒಳಗಿಂದ ಒಬ್ಬ ಹೆಂಗಸು ದಾರಿ ಹೇಳ್ತಾಳೆ. ನಾವು ತಪ್ಪು ಹೋದ್ರೂ ಬೈಯಲ್ಲ."

"ಬೈಯದೆ ಏನ್ಮಾಡ್ತಾಳೆ?"

"ಹೊಸ ದಾರಿ ಹುಡುಕ್ತಾ ಇದೀನಿ ಅಂತಾಳೆ. ಎಷ್ಟು ಮರ್ಯಾದೆಯಿಂದ ಅಂತೀರಿ."

ಅಂಚೆಯಣ್ಣ ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದ. "ನಾನು ಇಪ್ಪತ್ತೆರಡು ವರ್ಷದಿಂದ ಆರುನೂರ ನಲವತ್ತು ಮನೆಗೆ ಹೋಗಿ ಬರ್ತಿದೀನಿ. ಒಂದು ಸಲಾನೂ ಹೊಸ ದಾರಿ ಹುಡುಕಿದ್ದಿಲ್ಲ."

"ನಿಮ್ಮನ್ನ ಕಾರಿನ ಗಾಜಿಗೆ ಅಂಟಿಸೋಕಾಗುತ್ತೇನ್ರೀ?"

ಅಷ್ಟೇ. ಮಾರನೆಯ ದಿನ ಅಂಚೆಯಣ್ಣ ಕೆಲಸ ಮುಗಿಸಿ ನೇರ ಟಿ.ವಿ. ಅಂಗಡಿಗೆ ನುಗ್ಗಿದ. ಕೈಯಲ್ಲಿ ಒಂದು ಹುರಿ, ಹುರಿಯಲ್ಲಿ ಎರಡು ಗಂಟು.

"ಬನ್ನಿ ಸಾರ್, ಟಿ.ವಿ.ನಾ?" ಎಂದ ಅಂಗಡಿಯವನು. "ಗೋಡೆ ಎಷ್ಟಿದೆ?"

"ಗೋಡೆ ಬಿಡಿ. ಗೇಟು ಇಷ್ಟಿದೆ," ಎಂದು ಅಂಚೆಯಣ್ಣ ಹುರಿ ಚಾಚಿದ.

"ಎಷ್ಟು ದೂರದಿಂದ ನೋಡ್ತೀರಿ?"

"ರಸ್ತೆಯಿಂದ."

"ರಸ್ತೆಯಿಂದ ಯಾರು ನೋಡ್ತಾರೆ ಸಾರ್?"

"ಅದನ್ನ ನನಗೆ ಬಿಡಿ. ನಿಮ್ಮಲ್ಲಿರೋದ್ರಲ್ಲಿ ದೊಡ್ಡ ಡಬ್ಬ ಯಾವುದು?"

ಅಂಗಡಿಯವನು ಮೂಲೆಯಲ್ಲಿದ್ದ ಒಂದು ಬೀರುವಿನಷ್ಟು ದೊಡ್ಡ ಡಬ್ಬ ತೋರಿಸಿದ. "ದೊಡ್ಡದು ಅಂದ್ರೆ ಅದೇ ಸಾರ್. ಆದ್ರೆ ಅದರೊಳಗೆ ಏನಿದೆ ಅಂದ್ರೆ..."

ಅಂಚೆಯಣ್ಣ ಕೈಯೆತ್ತಿ ತಡೆದ. "ಹೇಳಬೇಡಿ. ಇಪ್ಪತ್ತೆರಡು ವರ್ಷ ಸರ್ವೀಸು. ಒಂದು ಪಾರ್ಸೆಲ್ಲಿನೊಳಗೂ ಇಣುಕಿದವನಲ್ಲ ನಾನು. ಒಳಗಿರೋದು ಒಡೆದಿಲ್ಲ ತಾನೆ? ಅಷ್ಟು ಹೇಳಿ ಸಾಕು."

ಡಬ್ಬವನ್ನು ನಾಲ್ಕೂ ಕಡೆ ತಟ್ಟಿ, ಕಿವಿಯಿಟ್ಟು ಕೇಳಿ, ಅಭ್ಯಾಸಬಲದಿಂದ ತನಗೆ ತಾನೇ ಒಂದು ರಶೀದಿಗೆ ಸಹಿ ಹಾಕಿಕೊಂಡು, ಸೈಕಲ್ಲಿಗೆ ಏರಿಸಿದ. ಬೀದಿಯವರಿಗೆ ಕಂಡದ್ದು ಒಂದು ಡಬ್ಬ, ಅದರ ಕೆಳಗೆ ಎರಡು ಚಕ್ರ, ಒಂದು ಕ್ಲಿಪ್ಪು. ದಾರಿಯಲ್ಲಿ ಎದುರಾದ ಪೋಸ್ಟ್ ಮಾಸ್ತರರು ಗಾಬರಿಯಾದರು.

"ಏನ್ರೀ, ಆಫೀಸಿಗೆ ಬಂದ ಪಾರ್ಸೆಲ್ಲು ಎಲ್ಲಿಗೆ ಹೊತ್ಕೊಂಡು ಹೊರಟ್ರಿ?"

"ಇದು ನನ್ನದೇ ಸಾರ್," ಎಂದಿತು ಡಬ್ಬದ ಹಿಂದಿನ ದನಿ.

"ನಿಮಗೆ ಯಾರ್ರೀ ಪಾರ್ಸೆಲ್ ಕಳಿಸ್ತಾರೆ? ಸೋಮವಾರ ಬರೆದು ಕೊಡಿ."

ಡಬ್ಬ ಅವನ ಗೇಟಿನ ಪಕ್ಕ ನಿಂತಿತು. ಹೆಂಡತಿ ಬಿಚ್ಚೋಣ ಎಂದಳು. ಇವನು ಒಪ್ಪಲಿಲ್ಲ. "ಬಿಚ್ಚಿದ್ರೆ ಅದು ಬರೀ ಟಿ.ವಿ. ಬಿಚ್ಚದಿದ್ರೆ ಜನ ಏನು ಬೇಕಾದ್ರೂ ಅಂದ್ಕೋಬಹುದು." ನೆರೆಯವರು ಅಂದುಕೊಂಡರು ಕೂಡ. ಒಬ್ಬರು ಫ್ರಿಜ್ಜು ಎಂದರು, ಒಬ್ಬರು ಎರಡು ಫ್ರಿಜ್ಜು ಎಂದರು. ಮೂರನೆಯ ಮನೆಯ ಮುದುಕಪ್ಪ ಮಾತ್ರ, "ಅಷ್ಟು ದೊಡ್ಡ ಕಾಗದ ಯಾರು ಬರೆದರಪ್ಪಾ," ಎಂದು ಕೇಳಿದ.

ಹೀಗೆ ಭಾನುವಾರ ಬಂತು.

ಕಣ್ಣಿನ ಆಸ್ಪತ್ರೆ ಊರಿನ ಆ ತುದಿ. ಸಾಹೇಬರು ಇಸ್ತ್ರಿ ಮಾಡಿದ ಷರ್ಟು ತೊಟ್ಟು ಕಾರು ತಂದರು. ಅಂಚೆಯಣ್ಣ ಸೈಕಲ್ ಗೇಟಿಗೆ ಒರಗಿಸಿ ಮೊದಲೇ ಕಾದಿದ್ದ. ಮಾವ ಕಪ್ಪು ಕನ್ನಡಕ ಹಾಕಿಕೊಂಡು, ಜೇಬುಗಡಿಯಾರವನ್ನು ಕಿವಿಗಿಟ್ಟು ಕೇಳುತ್ತಾ ಹೊರಬಂದರು. ದೊಡ್ಡ ಮನಸ್ಸಿನ ಸಾಹೇಬರು ಷಡ್ಡಕನನ್ನೂ ಹಿಂದಿನ ಸೀಟಿಗೆ ಹತ್ತಿಸಿಕೊಂಡರು.

"ಮುನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ," ಎಂದಿತು ಯಂತ್ರ.

"ಬಲಕ್ಕೆ," ಎಂದ ಅಂಚೆಯಣ್ಣ.

"ಭಾವ, ಆಕಾಶದಿಂದ ನೋಡಿ ಹೇಳ್ತಾ ಇದಾಳೆ," ಎಂದರು ಸಾಹೇಬರು.

"ಆಕಾಶದಿಂದ ನೋಡಿದೋರಿಗೆ ಬಾಗಿಲು ಹೇಗಪ್ಪ ಕಾಣುತ್ತೆ? ಬರೀ ಹೆಂಚು ಕಾಣುತ್ತೆ."

ಮಾವ ನಕ್ಕರು. ಸಾಹೇಬರು ಹಿರಿಯನೆಂಬ ಗೌರವಕ್ಕೆ ಬಲಕ್ಕೆ ತಿರುಗಿಸಿದರು. ಅಲ್ಲೇ ಆದದ್ದು ಅನಾಹುತ. ಅಂಚೆಯಣ್ಣನಿಗೆ ಆರುನೂರ ನಲವತ್ತು ಮನೆ ಗೊತ್ತು ನಿಜ, ಆದರೆ ಗೊತ್ತಿರುವುದು ಕಾಗದ ಹಂಚುವ ಕ್ರಮದಲ್ಲಿ ಮಾತ್ರ. ನಾನೂರನೆಯ ಮನೆಗೆ ಹೋಗಬೇಕಾದರೆ ಒಂದರಿಂದ ಶುರುಮಾಡಬೇಕು! ನಡುವೆ ಕೈ ಹಾಕಿದರೆ ಎಣಿಕೆ ತಪ್ಪುತ್ತದೆ. ಹೀಗಾಗಿ ಕಾರು ಪ್ರತಿ ಗೇಟಿನ ಮುಂದೆಯೂ ನಿಂತು, ಮುಂದಿನ ಗೇಟಿಗೆ ಹೊರಟು, ಮತ್ತೆ ನಿಂತಿತು. ನಿಂತಲ್ಲೆಲ್ಲ ಜನ ಕಿಟಕಿಗೆ ತಲೆ ಹಾಕಿದರು.

"ಅಂಚೆಯಣ್ಣ, ನನ್ನ ಪಿಂಚಣಿ ಕಾಗದ ಬಂತಾ?"

"ಇವತ್ತು ಭಾನುವಾರ ಕಣಮ್ಮ."

"ಭಾನುವಾರ ಕಾರಲ್ಲಿ ಬಂದಿದೀರಿ, ದೊಡ್ಡ ಕಾಗದಾನೇ ಇರಬೇಕು."

ಒಂದು ಮನೆಯ ನಾಯಿ ಅಂಚೆಯಣ್ಣನನ್ನು ಅಟ್ಟಿಸಿಕೊಂಡು ಬರುವ ತನ್ನ ದಿನನಿತ್ಯದ ಕೆಲಸಕ್ಕೆ ಅಲ್ಲೂ ಹಾಜರಾಗಿ, ಕಾರಿನ ಜೊತೆ ಎರಡು ಬೀದಿ ಓಡಿತು. ಯಂತ್ರದ ಹೆಂಗಸು ಹೊಸ ದಾರಿ ಹುಡುಕಿ ಹುಡುಕಿ, ಕೊನೆಗೆ ಬಿಕ್ಕಿ ಬಿಕ್ಕಿ ಅತ್ತಳು. ಮಾವನ ಜೇಬುಗಡಿಯಾರದಲ್ಲಿ ಮೂರೂವರೆ.

"ಅಳಿಯಂದ್ರೇ, ಫೈನಲ್ ಈ ವರ್ಷದ್ದೇ ತಾನೆ?" ಎಂದು ಮಾವ ಮೆಲ್ಲಗೆ ಕೇಳಿದರು.

ಆಗ ಸಾಹೇಬರು ಸ್ಟಿಯರಿಂಗ್ ಬಿಗಿಯಾಗಿ ಹಿಡಿದು, ಯಂತ್ರವನ್ನು ಸಮಾಧಾನಪಡಿಸಿ, ಅದು ಹೇಳಿದ ದಾರಿಯಲ್ಲಿ ಬಾಣದಂತೆ ಕಾರು ಬಿಟ್ಟು, ಎಂಟೇ ನಿಮಿಷದಲ್ಲಿ ಮಾವನನ್ನು ತಮ್ಮ ಮನೆಯ ಸೋಫಾದಲ್ಲಿ ಕೂರಿಸಿದರು. ಎಂಬತ್ತೈದು ಇಂಚಿನ ಮುಂದೆ ಮಾವ ಆನಂದಬಾಷ್ಪ ಸುರಿಸಿ, "ಚಿಕ್ಕ ಅಳಿಯಂದ್ರೇ, ಇಷ್ಟು ವರ್ಷ ಎಲ್ಲೆಲ್ಲೋ ಕೂತು ಕಣ್ಣು ಹಾಳು ಮಾಡ್ಕೊಂಡೆ," ಎಂದರು. ಅಂಚೆಯಣ್ಣ ಮನೆಗೆ ಹೋಗಿ ತನ್ನ ಡಬ್ಬ ಬಿಚ್ಚಿದ. ಒಳಗೆ ಟಿ.ವಿ.ಯೇ ಇರಲಿಲ್ಲ! ಐದು ಸ್ಪೀಕರು, ಬರೀ ಸದ್ದಿನ ಪೆಟ್ಟಿಗೆಗಳು. ಹಳೇ ಟಿ.ವಿ.ಗೆ ಸಿಕ್ಕಿಸಿದರೆ ಅಂಗೈಯಷ್ಟು ಚಿತ್ರಕ್ಕೆ ಆಕಾಶದಷ್ಟು ಸದ್ದು. ಅವನು ಖಾಲಿ ಬೆತ್ತದ ಕುರ್ಚಿ ನೋಡುತ್ತಾ ಹೊಟ್ಟೆ ಉರಿದುಕೊಂಡು ಕೂತ ಎಂಬಲ್ಲಿಗೆ...

ಎಂಬಲ್ಲಿಗೆ ಬರೆದು, ಸಂತೋಷ ತಡೆಯಲಾರದೆ, ಇಷ್ಟನ್ನೂ ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಬಟಾಣಿ ಬಿಡಿಸುತ್ತಾ ಕೂತಿದ್ದಳು. ಕೊನೆಯವರೆಗೂ ಕೇಳಿದಳು.

"ಈ ಎತ್ತರದ ಆಳು, ತಲೆ ತುಂಬ ಕೂದಲು, ಇವರು ಯಾರ್ರೀ?"

"ಕಥೇಲಿ ಬರೋರು."

"ನನ್ನ ಅಕ್ಕನ ಗಂಡನಿಗೆ ಷಡ್ಡಕ ಅಂತ ಇರೋದು ಒಬ್ಬರೇ. ಅವರು ಈಗ ನನ್ನ ಮುಂದೆ ಬನಿಯನ್ ಹಾಕ್ಕೊಂಡು ಕೂತಿದಾರೆ. ಕೂದಲು ಎಲ್ಲಿ?"

ನಾನು ಕಾಗದ ಮಡಚಲು ನೋಡಿದೆ. ಅವಳು ಬಟಾಣಿಯ ಬಟ್ಟಲನ್ನು ಅದರ ಮೇಲಿಟ್ಟಳು.

"ಭಾವ ಅಂಗಡೀಲಿ ಮಾತಾಡಿದ್ದು ಅಷ್ಟು ಚೆನ್ನಾಗಿ ಬರೆದಿದೀರಲ್ಲ. ನೀವಲ್ಲಿ ಇದ್ರಾ?"

"ಇರಲಿಲ್ಲ."

"ಆ ಯಂತ್ರ ಅತ್ತಿದ್ದು?"

"ಅಳಲಿಲ್ಲ."

"ಎಂಟು ನಿಮಿಷ?"

ಪೆನ್ನಿನ ಮುಚ್ಚಳ ತೆಗೆದೆ.

"ಬರೀರಿ. ಇದ್ದದ್ದು ಇದ್ದ ಹಾಗೆ. ನಾನು ಇಲ್ಲೇ ಕೂತಿರ್ತೀನಿ."

ಕೂತಿದ್ದಾಳೆ. ಹಾಗಾಗಿ ಬರೆಯುತ್ತಿದ್ದೇನೆ. ಇನ್ನು ಮುಂದೆ ಭಾವನನ್ನು 'ಅವನು' ಎನ್ನಕೂಡದೆಂದೂ ಅಪ್ಪಣೆಯಾಗಿದೆ.

ನನ್ನ ಟಿ.ವಿ. ಇಪ್ಪತ್ನಾಲ್ಕು ಇಂಚು. ದಿನವಿಡೀ ಊರಿನವರ ತಕ್ಕಡಿಯನ್ನು ಕೂದಲೆಳೆಯಷ್ಟೂ ಬಿಡದೆ ಅಳೆದು ಬಂದವನಿಗೆ ಮನೆಯಲ್ಲಾದರೂ ಸ್ವಲ್ಪ ಕೈಬಿಟ್ಟು ಅಳೆಯಬೇಕೆನಿಸುತ್ತದೆ. ಗೇಟಿನ ಪಕ್ಕದ ಡಬ್ಬ ಬಸ್ ನಿಲ್ದಾಣದ ಎದುರಿನ ಹೋಟೆಲಿನವರದು. ಅವರು ಎಸೆಯುವುದರಲ್ಲಿದ್ದರು, ನಾನು ಕೇಳಿ ತಂದೆ. ಯಾರಾದರೂ ನೋಡಲು ಬಂದರೆ "ಇನ್ನೂ ಜೋಡಿಸ್ತಾ ಇದಾರೆ" ಎಂದು ನಡುಮನೆಯ ಬಾಗಿಲು ತೆರೆಯುತ್ತಿರಲಿಲ್ಲ. ಮಾವ ಬಂದರೆ ಎಂಬ ಭಯವಿರಲಿಲ್ಲ. ಆಗಷ್ಟೇ ಪಟ್ಟಿ ಬಿಚ್ಚಿದ ಕಣ್ಣಿಗೆ ಇಪ್ಪತ್ನಾಲ್ಕೂ ಎಂಬತ್ತೈದೂ ಒಂದೇ ಎಂದು ಲೆಕ್ಕ ಹಾಕಿದ್ದೆ. ಟೈಲರಮ್ಮನ ಡ್ರಮ್ಮಿನ ತಗ್ಗು ನಾನು ಕಾರು ಹಿಂದಕ್ಕೆ ತೆಗೆಯುವಾಗ ಆದದ್ದು.

ಕಾರಿನಲ್ಲಿ ನಾನು ಬಲಕ್ಕೆ ತಿರುಗಿಸಲೇ ಇಲ್ಲ. ಭಾವ ಬಲಕ್ಕೆ ಎಂದದ್ದು ನಿಜ, ನಾನು ಎಡಕ್ಕೆ ತಿರುಗಿಸಿದ್ದೂ ನಿಜ. ಯಂತ್ರದ ಹೆಂಗಸು ಹೇಳಿದಂತೆ ಇನ್ನೆರಡು ಸಲ ತಿರುಗಿದೆ. ಕಾರು ಎರಡು ಗೋಡೆಗಳ ನಡುವೆ ಒಂದು ಓಣಿಯಲ್ಲಿ ಸಿಕ್ಕಿಕೊಂಡಿತು. ಬಾಗಿಲು ಎರಡು ಕಡೆಯೂ ನಾಲ್ಕು ಬೆರಳಿಗಿಂತ ಹೆಚ್ಚು ತೆರೆಯದು. ಎದುರಿಗೆ ಮೆಟ್ಟಿಲು. "ನೇರವಾಗಿ ಮುಂದುವರಿಯಿರಿ," ಎಂದಳು ಅವಳು.

"ಭಾವ, ಎಲ್ಲಿದೀವಿ?" ಎಂದೆ ನಾನು.

"ಮುನ್ನೂರ ಹದಿನೆಂಟರ ಹಿತ್ತಲು," ಎಂದರು ಭಾವ, ಏನೂ ಆಗದವರಂತೆ. ಹಿಂದಿನ ಡಿಕ್ಕಿಯಿಂದ ತಾವು ಇಳಿದು, ಮಾವನನ್ನೂ ಮೆಲ್ಲಗೆ ಇಳಿಸಿಕೊಂಡರು. ಗೋಡೆಯಲ್ಲಿದ್ದ ಒಂದು ಪುಟ್ಟ ಬಾಗಿಲು ತಟ್ಟಿದರು. ಒಬ್ಬಾಕೆ ತೆರೆದು, "ಬನ್ನಿ ಅಂಚೆಯಣ್ಣ," ಎಂದಳು, ದಿನಾ ಮಾವನನ್ನು ಕೈಹಿಡಿದುಕೊಂಡೇ ಬರುತ್ತಾರೋ ಎಂಬಂತೆ. ಆ ಮನೆಯ ಹಿತ್ತಲಿಂದ ಹೊಕ್ಕು ಮುಂಬಾಗಿಲಿಂದ ಹೊರಟು, ಎದುರು ಮನೆಯ ಮುಂಬಾಗಿಲಿಂದ ಹೊಕ್ಕು ಹಿತ್ತಲಿಂದ ಹೊರಟು, ಹೀಗೆ ಮೂರೇ ಮನೆ. ನಾಲ್ಕನೆಯದು ಭಾವನ ಮನೆ. ಎಲ್ಲರೂ ದಾರಿಯಲ್ಲಿದ್ದ ಕುರ್ಚಿ, ಬಕೆಟ್ಟು ಸರಿಸಿ ಕೊಟ್ಟರಂತೆ. ಒಬ್ಬಾಕೆ ಮಾವನಿಗೆ ನೀರು ಕೊಟ್ಟಳಂತೆ. ಇದೆಲ್ಲ ಆಮೇಲೆ ಕೇಳಿದ್ದು. ನಾನು ಕಾರಿನಲ್ಲಿದ್ದೆ, ಆ ಹೆಂಗಸಿನ ಜೊತೆ.

ಭಾವ ಕಳಿಸಿದ ಆರು ಜನ ಬಂದು ಕಾರನ್ನು ಹಿಂದಕ್ಕೆ ಎಳೆದುಕೊಟ್ಟರು. ನಾನು ಭಾವನ ಮನೆಗೆ ಹೋಗದೆ ನೆಟ್ಟಗೆ ನನ್ನ ಮನೆಗೆ ಬಂದೆ. ಹೆಂಡತಿ ಆಗಲೇ ಅಕ್ಕನ ಮನೆಗೆ ಹೋಗಿಯಾಗಿತ್ತು. ಇಪ್ಪತ್ನಾಲ್ಕು ಇಂಚಿನ ಮುಂದೆ ಒಬ್ಬನೇ ಕೂತೆ. ನನ್ನದು ಹೊಸ ಬಗೆಯದು, ಇಂಟರ್ನೆಟ್ಟಿನಿಂದ ಚಿತ್ರ ತರುವಂಥದ್ದು, ಸ್ವಲ್ಪ ತಡ. ಭಾವನದು ಹಳೇದು, ಒಡನೆಯೇ ತೋರಿಸುತ್ತದೆ. ಆಟಗಾರ ಇನ್ನೂ ಚೆಂಡಿನ ಹತ್ತಿರ ಓಡುತ್ತಿದ್ದಾನೆ, ಎರಡು ಬೀದಿಯಾಚೆಯಿಂದ "ಗೋಲ್!" ಎಂದು ಮನೆ ತುಂಬ ಜನ ಕೂಗಿದ್ದು ಕೇಳಿಸಿತು. ನಾಲ್ಕು ಗೋಲು. ನಾಲ್ಕೂ ನನಗೆ ಮೊದಲು ಭಾವನ ಮನೆಯಿಂದಲೇ ಗೊತ್ತಾದವು. ಹೊಟ್ಟೆಯುರಿಯ ವಿಷಯ ಮೇಲೆ ವಿವರವಾಗಿ ಬರೆದಿದ್ದೇನಲ್ಲ, ಅದನ್ನು ಇಲ್ಲಿಗೆ ಹಚ್ಚಿಕೊಂಡು ಓದಬೇಕು.

ಆ ಸ್ಪೀಕರುಗಳನ್ನು ಭಾವ ಕಣ್ಣು ಮುಚ್ಚಿ ತಂದದ್ದಲ್ಲ. ಪೊರೆ ತೆಗೆದ ದಿನವೇ ಡಾಕ್ಟರು ಹೇಳಿದ್ದರು, ಪಟ್ಟಿ ಬಿಚ್ಚಿದ ಮೇಲೂ ಹದಿನೈದು ದಿನ ಮಾವ ಟಿ.ವಿ. ನೋಡಕೂಡದು ಎಂದು. ಇಬ್ಬರು ಅಳಿಯಂದಿರಿಗೂ ಹೇಳಿದ್ದರು. ನಾನು ಆಗ ಎಂಬತ್ತೈದರ ಯೋಚನೆಯಲ್ಲಿದ್ದೆ. "ಕಣ್ಣಿಗಿಲ್ಲದಿದ್ರೆ ಕಿವಿಗಾದ್ರೂ ಸಿಗಲಿ," ಎಂದು ಭಾವ ಅಂಗಡಿಗೆ ಹೋಗಿ, ಒಂದೊಂದನ್ನೂ ಹಚ್ಚಿಸಿ, ಕಣ್ಣುಮುಚ್ಚಿ ಕೇಳಿ ಆರಿಸಿದರಂತೆ. ಮಾವ ಬೆತ್ತದ ಕುರ್ಚಿಯಲ್ಲಿ ಒರಗಿ, ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿ, ಚೆಂಡು ಎಡದಿಂದ ಬಲಕ್ಕೆ ಹೋಗುವುದನ್ನು ಕಿವಿಯಲ್ಲೇ ನೋಡಿದರು. ಈಗ ಕಣ್ಣು ಪೂರ್ತಿ ಸರಿಹೋಗಿದೆ. ಈಗಲೂ ಅಲ್ಲೇ ಕೂತು ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ.

"ಡಬ್ಬದ ವಿಷಯ?" ಎಂದಳು ಹೆಂಡತಿ.

"ಬರೆದೆನಲ್ಲ, ಹೋಟೆಲಿನವರದು ಅಂತ."

"ಭಾವ ದಿನಾ ಅದನ್ನ ಯಾಕೆ ತಿರುಗಿಸ್ತಿದ್ರು ಅಂತ ಬರೀರಿ."

ಇದನ್ನು ಬರೆಯದೆ ತಪ್ಪಿಸಿಕೊಳ್ಳಬಹುದೆಂದಿದ್ದೆ. ಡಬ್ಬದ ಒಂದು ಮಗ್ಗುಲಿಗೆ ವಿಳಾಸದ ಚೀಟಿ ಅಂಟಿಸಿತ್ತು. ಹೋಟೆಲಿನ ಹೆಸರು, ಬೀದಿ, ಎಲ್ಲ ದಪ್ಪ ಅಕ್ಷರದಲ್ಲಿ. ನಾನು ನೋಡಿರಲಿಲ್ಲ. ಅಂಚೆಯವರ ಕಣ್ಣಿಗೆ ಅದು ಮೊದಲ ದಿನವೇ ಬಿದ್ದಿತ್ತು. ಬೀದಿ ಗುಡಿಸುವವಳು ಬೆಳಗ್ಗೆ ಗುಡಿಸುವಾಗ ಡಬ್ಬ ಆಚೆ ಎಳೆದು, ಚೀಟಿ ರಸ್ತೆಗೆ ಕಾಣುವಂತೆ ಇಟ್ಟು ಹೋಗುತ್ತಿದ್ದಳು. ಆಮೇಲೆ ಭಾವ ಬಂದು, ಸೈಕಲ್ಲಿನಿಂದಿಳಿದು, ಆಚೆ ಈಚೆ ನೋಡಿ, ಚೀಟಿ ಗೋಡೆಯ ಕಡೆಗೆ ಬರುವಂತೆ ತಿರುಗಿಸಿ ಒತ್ತಿ ನಿಲ್ಲಿಸಿ ಹೋಗುತ್ತಿದ್ದರು. ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ.

"ನಲವತ್ತು ದಿನ," ಎಂದೆ.

"ರೀ."

"ಇಪ್ಪತ್ತು."

ಅವಳು ಬಟಾಣಿ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ಹನ್ನೊಂದು ದಿನ. ಇದೊಂದು ಅಳತೆ ಸರಿಯಾಗಿದೆ. ಬೇಕಾದರೆ ಮುದ್ರೆ ಒತ್ತಿಕೊಡುತ್ತೇನೆ.